ಹೊರಗ ಬಂದೀನ್ರಿ, ಮೇಡಮ್ಮ

…ಅದಕ್ಕ ನಾ ಹೇಳೋದು ಶಿರಿಷಾ, ಹೊಸದಾಗಿ ಕಲಿಯೋರಿಗೆ ಏನೂ ಆಗಂಗಿಲ್ಲ. ಹೊಸಬರಿಗೆ ಅಂಜಿಕಿ ಇರತೈತಿ. ನೋಡಿದ್ದ ನೋಡತಾರ, ಕೇಳಿದ್ದ ಕೇಳತಾರ. ಕಲತು ಮುಗೀತು, ಇನ್ನ ನಂಗೆಲ್ಲ ಗೊತ್ತೈತಿ ಅನಸ್ತೈತಿ ನೋಡು… ಕೈ ಮುಂದ ಹೋಗತೈತಿ, ತಲಿ ಹಿಂದ ಉಳೀತೈತಿ… ಆವಾಗ ಆಗೋದು ಇದೆಲ್ಲ. ಏಳಬ್ಯಾಡ! ಏಳಬ್ಯಾಡ ಅಂದೆನಲ್ಲ. ನಾ ಬಂದೀನಂತ ಎದ್ದು ಕುಂಡ್ರೋದೇನೂ ಬೇಕಾಗಿಲ್ಲ. ಕೈ ದಿಂಬಿನ ಮ್ಯಾಲ ಇರಲಿ. ಎದಿಗಿಂತ ಎತ್ತರ. ಇನ್ನೂ ಸ್ವಲ್ಪ… ಹಾಂ, ಹಂಗ. ಇಲ್ಲಾಂದ್ರ ಬಾವು ಇಳಿಯಂಗಿಲ್ಲ.

ಈ ಕುರ್ಚಿ ಯಾರು ಒರಸ್ಯಾರ? ಯಾರೂ ಒರಸಿಲ್ಲ. ತಡಿ, ನನ್ನ ಹತ್ರ ಕರ್ಚೀಫ್ ಐತಿ…

ಯಾಕ ನಗ್ತೀ? ನಗು, ನಗು. ಕುರ್ಚಿ ಒರಸಿ ಕುಂಡ್ರೋದು ಕಂಡ್ರ ನಿಮಗೆಲ್ಲ ನಗಿ. ನಾ ಓದಿದ ಕಾನ್ವೆಂಟಿನ್ಯಾಗ ಒಬ್ರು ಮದರ್ ಇದ್ರು. ಹಾಸಿಗಿ ಮ್ಯಾಲ ಒಂದು ಸುಕ್ಕು ಕಂಡ್ರ ಪೂರ್ತಿ ಕಿತ್ತು ನೆಲಕ್ಕ ಒಗದು, ಮತ್ತ ಹಾಸು ಅಂತಿದ್ರು. ಹುಡುಗಿ ಇದ್ದಾಗ ಅತ್ತೀನಿ ನಾನು. ಆದ್ರ ಮುಂದ ದವಾಖಾನಿಯೊಳಗ ಮೇಟ್ರನ್ ಆಗಿ ಅಷ್ಟು ವರ್ಷ ತಲಿ ಎತ್ತಿ ನಿಂತೆ ಅಂದ್ರ, ಆ ಸುಕ್ಕು ಕಲಿಸಿದ್ದು. ಸುಗುಣಮ್ಮ ಮೇಡಂ ವಾರ್ಡಿಗೆ ಬಂದ್ರು ಅಂದ್ರ ಡಾಕ್ಟರು ಸುದ್ದಾ ಅಂಗಿ ಗುಂಡಿ ನೋಡಿಕೋತಿದ್ರು. ಗೊತ್ತಿಲ್ಲೇನು ನಿನಗ? ಗೊತ್ತೈತಿ. ಅದನ್ನೆಲ್ಲ ಎಷ್ಟು ಸಲ ಹೇಳೀನಿ.

ಉಸ್ಸಪ್ಪಾ… ಮೆಟ್ಟಲ ಹತ್ತಿ ಬರೋದ್ರಾಗ ಮೊಣಕಾಲು ಸತ್ತು ಹೋದ್ವು. ಬಸ್ಸು ಮಕ್ತಲದಾಗ ಹತ್ತಿದಾಗಿನಿಂದ ನಿಂತಕೊಂಡ ಬಂದೀನಿ. ಜುರಾಲಾ ಡ್ಯಾಮಿನ ಗೇಟು ತೆಗದಾರಲ್ಲ, ಕಟ್ಟಿ ಮ್ಯಾಲ ಎಲ್ಲಾರೂ ಗಾಡಿ ನಿಲ್ಲಿಸಿ ಫೋಟೋ ಹೊಡಕೊಳ್ಳಾಕ ಹತ್ಯಾರ. ನೀರು ನೋಡಾಕ ಜಾತ್ರಿಯಂಗ ಮಂದಿ! ಆಚಿಕಡಿ ಅದ ನೀರಿನ್ಯಾಗ ನಡುಗಡ್ಡಿ ಮಂದಿ ದೋಣಿ ಇಲ್ಲದ ಕುಂತಾರ, ಔಷಧ ಇಲ್ಲ. ಅದು ಯಾರಿಗೂ ಕಾಣಂಗಿಲ್ಲ. ನನಗ ಸಾಕಾಗೈತಿ ಶಿರಿಷಾ. ಖರೇ ಹೇಳತೀನಿ, ಸಾಕಾಗೈತಿ.

ನಿಮ್ಮತ್ತಿ ಹೊರಗ ಕುಂತಾಳ, ಆಶಮ್ಮ. ನನ್ನ ಕಂಡು ಸೆರಗು ಮುಖಕ್ಕ ಎಳಕೊಂಡ್ಳು. ಒಂದು ನಮಸ್ಕಾರ ಸುದ್ದಾ ಇಲ್ಲ. ಯಾಕ… ನೀ ಏನಾರ ಹೇಳೀಯೇನು ಆಕಿಗೆ? ತಲಿ ಅಲ್ಲಾಡಸಬ್ಯಾಡ, ಬಾಯಿಬಿಟ್ಟು ಹೇಳು. ಇಲ್ಲ? ಆತು, ಇಲ್ಲಾಂದ್ರ ಇಲ್ಲ. ನೀ ಸುಳ್ಳು ಹೇಳಾಕಿ ಅಲ್ಲ. ಅದು ನನಗ ಗೊತ್ತೈತಿ.

ಮೊಸಂಬಿ ತಂದೀನಿ. ನೀ ಸುಲಿಯಾಕ ಹೋಗಬ್ಯಾಡ, ನಾ ಸುಲದು ಕೊಡತೀನಿ. ಬೀಜ ತೆಗದು, ಬಿಳಿ ನಾರು ತೆಗದು… ಏಮಮ್ಮಾ, ಮೊಗುಲಮ್ಮಾ! ಆ ಫೋನ್ ಸೌಂಡ್ ಕೊಂಚೆಂ ತಗ್ಗಿಂಚು. ಇದಿ ಆಸ್ಪತ್ರಿ, ಪೆಳ್ಳಿ ಕಾದು. ಹಾಂ… ಸೌಂಡ್ ಇಳಿಸು, ಇದು ಮದವಿ ಮನಿ ಅಲ್ಲ ಅಂದ್ರ ಏನು ಗೊಣಗ್ತಾಳ ಬಾಜೂ ಮಂಚದಾಕಿ? ಗೊಣಗಲಿ. ಪಕ್ಕದ ಮಂಚದ ಪೇಷಂಟ್ ಮಲಗಬೇಕು ಅನ್ನೋ ಖಬರು ಬ್ಯಾಡೇನು?

ಈಗ ಕೇಳು. ಹೊತ್ತು ಇಲ್ಲ. ವಿಚಾರಣಿ ಮಾಡೋ ಸಾಹೇಬರು ಬಂದಾರ. ಕೆಳಗ ಡಾಕ್ಟರ್ ರೂಮಿನ್ಯಾಗ ಚಾ ಕುಡಿಯಾಕತ್ತಾರ, ನಾ ಕಣ್ಣಿಲೆ ನೋಡಿ ಬಂದೀನಿ. ಚಾ ಆದ ಮ್ಯಾಲ ನಿನ್ನ ಹತ್ರ ಬರತಾರ. ನಿನ್ನ ಬಯಾನು ತಗೋತಾರ. ಏನಾತು, ಹೆಂಗಾತು, ಯಾರ ತಪ್ಪು, ಎಲ್ಲ ನಿನ್ನ ಬಾಯಿಂದ ಕೇಳತಾರ. ನಂದು ನಿನ್ನೆನ ಆಗೈತಿ. ಇನ್ನ ನಿಂದು ಒಂದ ಬಾಕಿ. ಅಂಜಬ್ಯಾಡ. ಅಂಜೋದು ಏನೈತಿ? ಇದ್ದದ್ದು ಇದ್ದಂಗ ಕ್ರಮವಾಗಿ ಹೇಳಬೇಕು, ಅಷ್ಟ.

ಮೊದಲಿಗೆ, ಇದು ಏನು ಕೆಲಸ ಅಂತ ಕೇಳತಾರ. ಸೇವಾ ಅಂತ ಹೇಳು. ಪಗಾರ ಇಲ್ಲ, ಏನಿಲ್ಲ, ಸ್ವಂತ ಮನಸ್ಸಿನಿಂದ ಮಾಡೋದು. ಕೃಷ್ಣಾ ಹೊಳಿ ಬಂತಂದ್ರ ದೋಣಿ ನಿಲ್ಲತೈತಿ, ಅದಕ್ಕ ಡ್ರೋನಿಗೆ ಔಷಧದ ಡಬ್ಬಿ ಕಟ್ಟಿ ನಡುಗಡ್ಡಿಗೆ ಕಳಸ್ತೀವಿ. ಹಾರಸೋದು ಮೇಡಮ್ಮ, ಡಬ್ಬಿ ಕಟ್ಟೋದು ನಾನು, ಆಚಿ ದಂಡಿಗೆ ಬಿಚ್ಚಿಕೊಳ್ಳೋದು ಸುರೇಂದರ್. ಮೂರ ಮಂದಿ, ಅಂತ ಹೇಳು. ಹಾರಸಾಕ ಮೇಡಮ್ಮಗ ಪರವಾನಗಿ ಐತಿ ಅನ್ನೋದು ಮರಿಬ್ಯಾಡ. ಅರವತ್ತು ದಾಟಿದ ಮ್ಯಾಲ ಹೈದರಾಬಾದಿಗೆ ಹೋಗಿ, ಮೊಮ್ಮಕ್ಕಳ ವಯಸ್ಸಿನ ಹುಡುಗರ ಸಂಗಾಟ ಕುಂತು ಪರೀಕ್ಷೆ ಬರದು ತಂದಿದ್ದು ಅದು. ಆ ಹುಡುಗರು ಮೊದಲ ದಿನ ‘ಅಮ್ಮಮ್ಮ, ಪಾಲಕರ ಸಭಾ ಬಾಜೂ ಕ್ವಾಣ್ಯಾಗ’ ಅಂದ್ರು. ಕಡೀ ದಿನ ಎದ್ದು ನಿಂತ್ರು. ಎದ್ದು ನಿಂತ್ರು, ಶಿರಿಷಾ!

ತಗೋ, ಒಂದು ಹೋಳು ತಿನ್ನು. ಬ್ಯಾಡ? ಇಲ್ಲಿ ತಟ್ಟಿಯೊಳಗ ಇಡ್ತೀನಿ. ಆಮ್ಯಾಲ ತಿನ್ನು.

ನೇಮದ ಬಗ್ಗೆ ಕೇಳತಾರ. ಅದು ಚಂದ ಹೇಳಬೇಕು ನೀನು. ಸಾಲಿ ಬಯಲಿನ್ಯಾಗ ಸುಣ್ಣದಿಂದ ಗೆರಿ ಹೊಡದು ಗುಂಡಗ ಒಂದು ಸುತ್ತು ಹಾಕೀವಿ. ನಡುವ ಡ್ರೋನ್. ಹಾರಸೋ ಮೊದಲು ಮೇಡಮ್ಮ ಒಂದೊಂದು ರೆಕ್ಕಿ ಹಿಡದು ಅಲ್ಲಾಡಿಸಿ ನೋಡತಾರ. ಕಾಲು ನೋಡತಾರ. ಬ್ಯಾಟರಿಗೆ ಹಿಂಗೈ ಹಚ್ಚತಾರ, ಕೂಸಿಗೆ ಜ್ವರ ನೋಡಿದಂಗ. ಆಮ್ಯಾಲ ನಾನು ಡಬ್ಬಿ ಕಟ್ಟಿ, ಸುಣ್ಣದ ಗೆರಿ ದಾಟಿ ಹೊರಗ ಬಂದು, ತಿರಗಿ ನಿಂತು, ಕೈ ಎತ್ತಿ ಜೋರಾಗಿ ‘ಹೊರಗ ಬಂದೀನ್ರಿ, ಮೇಡಮ್ಮ’ ಅಂತ ಕೂಗತೀನಿ. ಆ ಕೂಗು ಕಿವಿಗೆ ಬಿದ್ದ ಮ್ಯಾಲ ಅವರು ರಿಮೋಟಿನ ಗುಂಡಿ ಮುಟ್ಟೋದು. ಅಲ್ಲೀತನಾ ಮುಟ್ಟಂಗಿಲ್ಲ. ಹಿಂಗ ಹೇಳು.

ಆ ನೇಮ ಯಾರು ಮಾಡಿದ್ದು? ನಾ ಮಾಡಿದ್ದು! ತರಬೇತಿಯೊಳಗ ‘ಸುತ್ತಮುತ್ತ ನೋಡಿಕೊಳ್ರಿ’ ಅಂದಿದ್ರು, ಅಷ್ಟ. ನಾ ಹೇಳಿದೆ, ನೋಡಿದ್ರ ಸಾಲದು, ಕೇಳಬೇಕು. ಕಣ್ಣು ತನಗ ಬೇಕಾದ್ದು ನೋಡತೈತಿ. ಆಪರೇಷನ್ ಆದ ಮ್ಯಾಲ ಕತ್ತರಿ, ಹತ್ತಿ, ಎಲ್ಲಾ ಸರಿ ಅದಾವು ಅಂತ ನರ್ಸು ಬಾಯಿಬಿಟ್ಟು ಹೇಳೋತನ ಯಾವ ಡಾಕ್ಟರೂ ಹೊಟ್ಟಿ ಹೊಲಿಯಂಗಿಲ್ಲ. ನಾ ನಿಂತ ಥಿಯೇಟರಿನ್ಯಾಗ ಹೊಲಿಯಾಕ ಬಿಟ್ಟಿಲ್ಲ. ಒಬ್ಬ ದೊಡ್ಡ ಸರ್ಜನ್ನು ಸೂಜಿ ಹಿಡಕೊಂಡು ನಿಂತಿದ್ದ, ‘ಸಿಸ್ಟರ್, ನನಗ ಟ್ರೇನಿಗೆ ಹೊತ್ತಾತು’ ಅಂದ. ‘ಟ್ರೇನು ನಾಳೆನೂ ಬರತೈತಿ ಡಾಕ್ಟರ್, ಈ ಹೆಣ್ಣುಮಗಳ ಹೊಟ್ಟಿ ನಾಳೆ ತೆರಿಯಾಕ ಬರಂಗಿಲ್ಲ’ ಅಂದೆ. ಸೂಜಿ ಕೆಳಗಿಟ್ಟು, ಎಣಿಕಿ ಮುಗಿಯೋತನ ಕಾದ.

ಮೊದಲ ದಿನ ನಿನಗ ಕೂಗಾಕ ಎಷ್ಟು ನಾಚಿಕಿ! ನೆನಪೈತಾ? ನಾರಾಯಣಪೇಟಿ ನೇಕಾರ ಮನಿ ಸೊಸಿ, ಮಗ್ಗದ ಮುಂದ ಕುಂತು ಕುಂತು ದನಿ ಸುದ್ದಾ ನೂಲಿನಂಗ ಸಣ್ಣ. ಬೆಕ್ಕು ಕೂಗಿದಂಗ ಅಂದಿ. ನಾ ಗುಂಡಿ ಮುಟ್ಟಲಿಲ್ಲ. ಮತ್ತೊಮ್ಮೆ ಅನ್ನು ಅಂದೆ. ಮತ್ತ ಬೆಕ್ಕು. ಮತ್ತೊಮ್ಮೆ! ಆಮ್ಯಾಲ ಸಿಟ್ಟು ಬಂದು ಹೆಂಗ ಒದರಿದಿ ಅಂದ್ರ ಬೇವಿನ ಗಿಡದಾಗಿನ ಕೊಕ್ಕರಿ ಎಲ್ಲಾ ಎದ್ದು ಹಾರಿದ್ವು… ಹಾಂ, ನಗು ಬಂತು ನೋಡು. ಆಮ್ಯಾಲ ಸಾಲಿ ಮಕ್ಕಳೆಲ್ಲ ಬಚ್ಚಲದಿಂದ ಬಂದ್ರೂ ‘ಹೊರಗ ಬಂದೀನ್ರಿ, ಮೇಡಮ್ಮ’! ಸಾಲಿ ಮುಂದ ಮಿರ್ಚಿ ಬಜ್ಜಿ ಕರಿಯೋ ಅಂಜಯ್ಯ ನಿನ್ನ ಕೂಗು ಕೇಳಿದ ಮ್ಯಾಲನ ಒಲಿ ಮ್ಯಾಲ ಬಾಣಲಿ ಇಡ್ತಿದ್ದ. ಡ್ರೋನ್ ನೋಡಾಕ ಮಂದಿ ಬರತಾರ, ಬಜ್ಜಿ ಖರ್ಚಾಗತಾವು ಅಂತ. ಆತನ ಗಡಿಯಾರ ನೀನು…

ಅವತ್ತು ಬಾಣಲಿ ಇಟ್ಟಿರಲಿಲ್ಲ ಆತ. ಇರಲಿ ಬಿಡು. ಎಣ್ಣಿ ತಂದಿರಲಿಕ್ಕಿಲ್ಲ. ಆತನ್ನ ಕೇಳೋದು ಏನೂ ಬೇಕಾಗಿಲ್ಲ ಸಾಹೇಬರಿಗೆ. ಮಂದಿ ಎಲ್ಲಾ ಕೂಡಿದ್ರ ಗಲಾಟಿ ಆಗತೈತಿ.

ಇನ್ನ ಅವತ್ತಿಂದು. ಹೈದರಾಬಾದಿನಿಂದ ಬಂದಿದ್ರು ಅತಿಥಿಗಳು, ನಮಗ ಡ್ರೋನ್ ಕೊಡಿಸಿದ ಮಂದಿ. ಬೇವಿನ ಗಿಡದ ಕೆಳಗ ಕುರ್ಚಿ ಹಾಕಿ ಕುಂಡ್ರಿಸಿದ್ದೆ. ದಿನ ಹೆಂಗಿತ್ತು ಅಂತ ಕೇಳಿದ್ರ ಚಲೋ ಇತ್ತು ಅಂತ ಹೇಳು. ಹಾರಸಬಾರದ ದಿನ ಹಾರಿಸ್ಯಾರ ಅಂತ ಯಾರೂ ಅನ್ನಬಾರದು. ಗಾಳಿ ಇಲ್ಲ, ಮೋಡ ಇಲ್ಲ. ಎಷ್ಟು ಶಾಂತ ಇತ್ತಂದ್ರ ಅತಿಥಿಗಳು ಚಾದ ಕಪ್ಪು ಬಸಿ ಮ್ಯಾಲ ಇಟ್ಟ ಸದ್ದು ನನಗ ಕೇಳ್ತಿತ್ತು. ಅಂಥಾ ದಿನ.

ಆದ್ರ ಅವಸರ ಇತ್ತು. ಅದನ್ನ ಹೇಳಬೇಕು. ನಡುಗಡ್ಡಿಯಿಂದ ಸುರೇಂದರ್ ಫೋನ್ ಮಾಡಿದ್ದ, ಜಲ್ದಿ ಕಳಸ್ರಿ ಅಂದಿದ್ದ. ಜೀವದ ಪ್ರಶ್ನೆ ಇದ್ದಾಗ ಯಾರಿಗಾದ್ರೂ ಗಡಬಡಿ ಆಗೋದು ಸಹಜ…

ಏನು? ಹಂಗ್ಯಾಕ ನೋಡ್ತೀ?

ಬಿ.ಪಿ. ಗುಳಗಿ. ಸಕ್ಕರಿ ರೋಗದ ಗುಳಗಿ. ಹೌದು, ಅವ ಇದ್ವು ಡಬ್ಬಿಯೊಳಗ, ನಂಗೊತ್ತಿಲ್ಲೇನು? ನಾನ ಹಾಕಿದ್ದು. ಹಾವು ಕಡಿದಿರಲಿಲ್ಲ, ಹೆರಿಗಿ ಇರಲಿಲ್ಲ. ಆದ್ರ ಗುಳಗಿ ತಪ್ಪಿದ್ರ ಬಿ.ಪಿ. ಏರಂಗಿಲ್ಲೇನು? ಜೀವ ಹೋಗಂಗಿಲ್ಲೇನು? ನೀ ನರ್ಸ್ ಅಲ್ಲ, ನಿನಗ ಗೊತ್ತಾಗಂಗಿಲ್ಲ. ‘ಅವಸರದ ಔಷಧ’ ಅಂದ್ರ ಸಾಕು. ಹೆಸರು ಕೇಳಿದ್ರ ಮೇಡಮ್ಮಗ ಗೊತ್ತು ಅಂದುಬಿಡು. ಸುರೇಂದರ್… ಸುರೇಂದರ್ ಫೋನ್ ಮಾಡಿದ್ದು ಹಿಂದಿನ ದಿನ ಇರಬೇಕು. ಈ ವಯಸ್ಸಿಗೆ ದಿನಾ ಎಲ್ಲಿ ನೆನಪಿರತಾವು.

ದಾರದ ವಿಷಯ. ಅದು ದೊಡ್ಡ ವಿಷಯ, ಅದನ್ನ ಖಂಡಿತ ಕೇಳತಾರ. ಡಬ್ಬಿಗೆ ಪಟ್ಟಿ ಇರಬೇಕು, ಕ್ಲಿಪ್ ಇರಬೇಕು, ನೀವು ರೇಷ್ಮಿ ದಾರಲೇ ಕಟ್ಟೀರಿ, ಯಾಕ? ಅಂತ. ಕ್ಲಿಪ್ ಮುರದಿತ್ತು ಅನ್ನು. ಹೊಸದು ತರಿಸಬೇಕು ಅಂತಿದ್ವಿ ಅನ್ನು. ತರಿಸಬೇಕು ಅಂತಿದ್ದೆ ಶಿರಿಷಾ. ಆದ್ರ ನಿನ್ನ ಗಂಟು ಹಂಗಿತ್ತು! ಸೀರಿ ಸೆರಗಿನ್ಯಾಗ ಉಳಿದ ರೇಷ್ಮಿ ಎಳಿ ನಾಕು ಕೂಡಿಸಿ ಹೊಸೆದು, ಒಂದ ಸಲ ಹಿಂಗ ತಿರುವಿ ಹಾಕಿಬಿಟ್ರ, ಆನಿ ಎಳದ್ರೂ ಬಿಚ್ಚಂಗಿಲ್ಲ. ಮೊದಲ ಸಲ ಹೋಗಿ ಬಂತು. ಎರಡನೇ ಸಲ ಹೋಗಿ ಬಂತು. ಆಮ್ಯಾಲ ಯಾರು ಕ್ಲಿಪ್ ನೆನಸ್ತಾರ? ಚಲೋ ನಡದೈತಿ ಅನ್ನೋದರಂಥಾ ನಿದ್ದಿ ಇನ್ನೊಂದಿಲ್ಲ. ಅವತ್ತು ಅತಿಥಿಗಳ ಮುಂದನೂ ಹೇಳಿದೆ ನಾನು, ‘ನೋಡ್ರಿ, ಇದು ನಾರಾಯಣಪೇಟಿ ಗಂಟು’ ಅಂತ. ಹೆಮ್ಮಿಯಿಂದನ ಹೇಳಿದೆ. ಅದರಾಗ ತಪ್ಪೇನೈತಿ?

ಆ ಎಳಿ ಜೋತಾಡ್ತಿತ್ತು. ಗಂಟಿನ ತುದಿ. ಗೇಣು ಉದ್ದ, ಕೆಂಪು ಎಳಿ.

ಇಲ್ಲಿ ಲಕ್ಷ್ಯಕೊಟ್ಟು ಕೇಳು. ನೇಕಾರರ ಕೈ ಹೆಂಗ ಅಂತ ಸಾಹೇಬರಿಗೆ ಗೊತ್ತಿಲ್ಲ, ನೀ ತಿಳಿಸಿ ಹೇಳಬೇಕು. ಮಗ್ಗದ ಮುಂದ ಕುಂತಾಗ ಕಾಲು ತುಳಿತಿರತಾವು, ಲಾಳಿ ಓಡ್ತಿರತೈತಿ, ನಡುವ ಒಂದು ಎಳಿ ಎದ್ದು ಕಂಡ್ರ ಮಗ್ಗ ನಿಲ್ಲಸಂಗಿಲ್ಲ ನೀವು, ಕೈ ಹೋಗಿ ಚಿವುಟಿ ಬರತೈತಿ. ಕಣ್ಣಿಗೂ ಗೊತ್ತಾಗಂಗಿಲ್ಲ. ಹುಟ್ಟಿದಾಗಿನಿಂದ ಬಂದ ರೂಢಿ. ಅವತ್ತೂ ಅದ ಆತು. ಹೊರಗ ಬಂದಿದ್ದೆ, ಕೂಗಿದ್ದೆ, ಆಮ್ಯಾಲ ಎಳಿ ಕಣ್ಣಿಗೆ ಬಿತ್ತು, ನೇಕಾರ ಕೈ, ತಡಿಯಲಿಲ್ಲ, ತಿರಗಿ ಒಳಗ ಹೋದೆ, ಅಷ್ಟರಾಗ ರೆಕ್ಕಿ ತಿರಗಿದ್ವು. ಹಿಂಗ ಹೇಳು. ಯಾರ ತಪ್ಪೂ ಅಲ್ಲ. ರೂಢಿ ತಪ್ಪು. ನಾ ನಿನ್ನೆ ಇದನ್ನ ಹೇಳಿದಾಗ ಸಾಹೇಬರು ‘ಬಹಳ ಬರೊಬ್ಬರಿ ಮಾತು’ ಅಂದ್ರು, ತಲಿದೂಗಿದ್ರು.

ಕಿಟಕಿ ಕಡೆ ಏನೈತಿ? ನನ್ನ ಕಡೆ ನೋಡು. ನಾ ಮಾತಾಡೋ ಹೊತ್ತಿಗೆ ಮುಖ ತಿರವೋದು ಏನು ಪದ್ಧತಿ?

ನಿನಗ ಹೆಂಗ ತಿಳಿಸಿ ಹೇಳಲಿ… ನೋಡು. ಹಾರಸಾಕಿ ತಪ್ಪು ಅಂತ ಆದ್ರ ನನ್ನ ಪರವಾನಗಿ ಹೋತು. ಪರವಾನಗಿ ಹೋತಂದ್ರ ಡ್ರೋನ್ ಪೆಟ್ಟಿಗಿಯೊಳಗ ಹೋತು. ಈ ಮಳಿಗಾಲ ಇನ್ನೂ ಎಷ್ಟು ಐತಿ? ಹೊಳಿ ಇನ್ನೂ ಎಷ್ಟು ಸಲ ಬರತೈತಿ? ಆ ನಡುಗಡ್ಡಿ ಮುದುಕರು, ಬಾಣಂತ್ಯಾರು, ಯಾರ ಮುಖ ನೋಡಬೇಕು? ಅದ, ಡಬ್ಬಿ ಕಟ್ಟಾಕಿದು ಸಣ್ಣ ತಪ್ಪು ಅಂತ ಆದ್ರ, ಇನ್ನ ಮ್ಯಾಲ ನೋಡಿಕೊಂಡು ಮಾಡ್ರಿ ಅಂತ ಒಂದು ಮಾತು ಹೇಳಿ ಬಿಟ್ಟುಬಿಡತಾರ. ಕೆಲಸ ಉಳೀತೈತಿ. ನಿನಗ ಏನಾಗತೈತಿ? ನಿನಗ ಪರವಾನಗಿ ಇಲ್ಲ, ಏನಿಲ್ಲ. ನಿಂದು ಹೋಗೋದು ಏನೈತಿ?

…

ಹಂಗ ಕೈ ನೋಡ್ಕೋಬ್ಯಾಡ.

ಹಂಗ ನೋಡ್ಕೋಬ್ಯಾಡ ಅಂದೆ, ಶಿರಿಷಾ. ನಾ ಆ ಅರ್ಥದಾಗ ಹೇಳಲಿಲ್ಲ. ಡಾಕ್ಟರಿಗೆ ಕೇಳಿದೆ ನಾನು ಬರೋ ಮುಂದ. ನರ ಕೂಡಿಸ್ಯಾರ. ಹೆಬ್ಬೆರಳು ಚಲೋ ಐತಿ. ಆ ಎರಡು ಬೆರಳು… ಅನ್ನದ ತುತ್ತು ಹಿಡಿಯಾಕ ಬರತೈತಿ ಅಂದ್ರು. ಎಳಿ… ಎಳಿ ಕೂಡಸಾಕ ಬರತೈತೋ ಇಲ್ಲೋ, ಈಗ ಹೇಳಾಕ ಬರಂಗಿಲ್ಲ ಅಂದ್ರು. ಬರಂಗಿಲ್ಲ ಅನ್ನಲಿಲ್ಲ. ಹೇಳಾಕ ಬರಂಗಿಲ್ಲ ಅಂದ್ರು. ಎರಡಕ್ಕೂ ಫರಕ್ ಐತಿ. ವ್ಯಾಯಾಮ ಮಾಡಸ್ತೀನಿ ನಾನು, ದಿನಾ ಬಂದು ಮಾಡಸ್ತೀನಿ. ನನ್ನ ಕೈಯಾಗ ಎಂತೆಂಥಾ ಕೈ ಸರಿ ಆಗ್ಯಾವು. ಮಗ್ಗ ಎಲ್ಲಿಗೆ ಹೋಗತೈತಿ? ನಿನ್ನ ಗಂಡ ಶ್ರೀನು ಅದಾನ, ನಡಸ್ತಾನ. ನೀ ಬಣ್ಣ ನೋಡು, ಅಂಚು ನೋಡು, ಹೇಳಾಕಿ ಆಗು. ಎಲ್ಲಾರೂ ಕೈಲೇನ ಮಾಡಬೇಕೇನು?

ಅಳಬ್ಯಾಡ. ಅಳಾಕತ್ತಿಲ್ಲ? ಆತು.

ಈ ಹಾಸಿಗಿ ಸುಕ್ಕು… ಕಾಲು ಸರಸು, ಸ್ವಲ್ಪ ಎಳೀತೀನಿ. ನೋಡು, ಒಂದು ಎಳದ್ರ ಸಾಕು. ಏನಿದು, ದುಪ್ಪಟಿ ಅಂಚಿಗೆ ದಾರ ಜೋತಾಡಾಕತ್ತೈತಿ. ನೋಡಾಕ ಚಂದಿಲ್ಲ. ಚಿವು…

…

ಏನು?

ನಾ ಏನಂದೆ ಈಗ? ದುಪ್ಪಟಿದು ಅಂದೆ. ದಾರ ಜೋತಾಡಿದ್ರ ಚಂದ ಕಾಣಂಗಿಲ್ಲ ಅಂದೆ. ಅದು ಯಾರಾದ್ರೂ ಅನ್ನೋ ಮಾತು. ಅವತ್ತೂ ಅಷ್ಟ ಅಂದಿದ್ದು ನಾನು. ಹೈದರಾಬಾದಿನ ಮಂದಿ ಕುಂತಾರ, ಅವರ ಮುಂದ ಆ ಕೆಂಪು ಎಳಿ ಹಂಗ ಇಳಿಬಿದ್ದು… ‘ನೋಡಾಕ ಚಂದಿಲ್ಲ ಶಿರಿಷಾ’ ಅಂದೆ. ಒಳಗ ಹೋಗು ಅನ್ನಲಿಲ್ಲ. ಚಿವುಟು ಅನ್ನ… ಅಂದಿದ್ರೂ, ಹೋದಾಕಿ ಹೊರಗ ಬರಬೇಕಲ್ಲ? ಬಂದು ಕೂಗಬೇಕಲ್ಲ? ನೇಮ ಇರೋದು ಯಾತಕ್ಕ? ಎರಡನೇ ಸಲ ಒಳಗ ಹೋದ್ರ ಎರಡನೇ ಸಲ ಕೂಗಬೇಕು. ನೀ ಕೂಗಿದಿ. ನಾ ಕೇಳಿದೆ. ಕೇಳಿನ ಗುಂಡಿ ಒತ್ತಿದೆ. ನನ್ನ ಜೀವಮಾನದಾಗ ನಾ ನೇಮ ಬಿಟ್ಟಾಕಿ ಅಲ್ಲ, ಯಾರನ್ನರ ಕೇಳು!

ಸಣ್ಣಗ ಕೂಗಿದಿ ಇರಬೇಕು. ಆಚಿಕಡಿ ನೀರಿನ ಅಬ್ಬರ, ಗೇಟು ತೆಗದಿದ್ರು, ಅಂಥಾ ಸದ್ದಿನ್ಯಾಗ ಕಿವಿ…

ಇಲ್ಲ. ಗೇಟು ಆಮ್ಯಾಲ ತೆಗದ್ರು. ಹೌದು.

ಯಾಕ ಹಂಗ ಸುಮ್ಮನ ಇದ್ದೀ? ಏನಾರ ಅನ್ನು. ಬೈಯಿ ಬೇಕಾದ್ರ. ನಿಮ್ಮತ್ತಿಯಂಗ ಸೆರಗು ಎಳಕೋ. ಇಷ್ಟು ವರ್ಷದಾಗ ನನ್ನ ಮುಂದ ಇಷ್ಟು ಹೊತ್ತು ಸುಮ್ಮನ ಕುಂತ ಪೇಷಂಟ್ ಒಬ್ರನ್ನೂ ನೋಡಿಲ್ಲ ನಾನು. ಮೊಸಂಬಿನೂ ತಿನ್ನಲಿಲ್ಲ ನೀನು. ನೋಡು, ಎಲ್ಲಾ ಹೋಳು ಒಣಗಾಕ ಹತ್ಯಾವು.

ಸುಸ್ತು ನನಗ. ಬಸ್ಸು ಹಿಡದು, ಅವರಿವರಿಗೆ ಉತ್ತರ ಹೇಳಿ… ರಾತ್ರಿ ನಿದ್ದಿ ಇಲ್ಲ. ಕಣ್ಣು ಮುಚ್ಚಿದ್ರ ಆ ಸುಣ್ಣದ ಗೆರಿ. ಬಿಳಿ ಗೆರಿ ಮ್ಯಾಲ ಕೆಂಪು… ಎಳಿ ಅಂತೀನಿ. ಕೆಂಪು ಎಳಿ.

ಬಾಗಿಲ ಕಡೆ ನೋಡ್ತೀಯಲ್ಲ, ಬರತಾರ, ಬರತಾರ. ಅಷ್ಟರಾಗ ಒಂದ ಒಂದು ಕೆಲಸ ಮಾಡೋಣ. ಸಾಹೇಬರು ಕೇಳತಾರ, ‘ಕೂಗಿದ್ಯೇನಮ್ಮಾ? ಹೆಂಗ ಕೂಗಿದಿ?’ ಅಂತ. ನೀ ತಡವರಿಸಬಾರದು. ಅದಕ್ಕ ಒಮ್ಮೆ ಇಲ್ಲಿ ಅನ್ನು. ನನ್ನ ಮುಂದ. ಅವತ್ತು ಕೂಗಿದಂಗ. ಆದ್ರ ಜೋರಾಗಿ, ಕೊಕ್ಕರಿ ಹಾರಿಸಿದ್ಯಲ್ಲ, ಹಂಗ. ಆವಾಗ ನನಗೂ… ಸಾಹೇಬರಿಗೂ ಸಮಾಧಾನ ಆಗತೈತಿ.

ಬಾಯಿ ಒಣಗೈತೇನು? ಇಕಾ, ನೀರು. ಒಂದು ಗುಟುಕು ಕುಡಿ. ಹಾಂ.

ಈಗ ಅನ್ನು. ‘ಹೊರಗ ಬಂದೀನ್ರಿ, ಮೇಡಮ್ಮ.’

…

ನನ್ನ ಮುಖ ನೋಡಿ ನಾಚಿಕಿ ಆಗತೈತೇನು? ಮೊದಲ ದಿನಾನೂ ಹಂಗ ಮಾಡಿದ್ದಿ. ಆತು, ನಾ ನಿನ್ನ ಕಡೆ ನೋಡಂಗಿಲ್ಲ. ಆಕಡಿ ತಿರಗಿ ನಿಂದರತೀನಿ, ಅವತ್ತು ಅತಿಥಿಗಳ ಕಡೆ ಮುಖ ಮಾಡಿ ನಿಂತಂಗ… ಹಿಂಗ. ನಿನಗ ಬೆನ್ನು ಕೊಟ್ಟು. ನೋಡು, ನನಗ ನೀ ಕಾಣಂಗಿಲ್ಲ ಈಗ. ಕೇಳಿಸಬೇಕು, ಅಷ್ಟ. ಕೈಯಾಗ ಗುಂಡಿ ಐತಿ ಅಂತ ತಿಳಕೋ. ನೀ ಅನ್ನೋತನ ಮುಟ್ಟಂಗಿಲ್ಲ. ಅನ್ನು.

…

ಶಿರಿಷಾ.

…

ಮೊಗುಲಮ್ಮಾ, ಫೋನ್ ಯಾಕ ಬಂದ್ ಮಾಡಿದಿ? ಹಚ್ಚು. ಇರಲಿ, ಏನಾರ ಸದ್ದು ಇರಲಿ…

…

ಕೂಗು, ಮಗಳ. ಒಂದ ಒಂದು ಸಲ. ಬೆಕ್ಕಿನಂಗ ಆದ್ರೂ ಕೂಗು.

…

…ಹಿಂಗ ಇತ್ತಲ್ಲ.

ಇಷ್ಟ ಶಾಂತ. ಕಪ್ಪು ಬಸಿ ಸದ್ದು ಒಂದ. ಹಿಂದ… ಹಿಂದ ಏನೂ ಇರಲಿಲ್ಲ.

…ಮೆಟ್ಟಲ ಮ್ಯಾಲ ಬೂಟಿನ ಸದ್ದು. ಸಾಹೇಬರು ಇರಬೇಕು.

ಕೈ ದಿಂಬಿನ ಮ್ಯಾಲ ಇಟ್ಕೋ. ಎತ್ತರ. ಹಾಂ.

ಬರ್ರಿ ಸಾಹೇಬ್ರ, ಒಳಗ ಬರ್ರಿ. ಕುರ್ಚಿ ಒರಸೀನಿ, ಕುಂಡ್ರಿ. ಇಲ್ಲ, ಆಕಿನ್ನ ಕೇಳಬ್ಯಾಡ್ರಿ. ಆಕಿ ಏನೂ ಅನ್ನಂಗಿಲ್ಲ.

ಆಕಿ ಅವತ್ತೂ ಏನೂ ಅಂದಿಲ್ಲ.